ಅಂಗಾತ ಮಲಗಿದವರನ್ನು ಬೋರಲಿಗೆ ಹೊರಳಿಸಿದಾಗ

ತೀವ್ರ ನಿಗಾ ಘಟಕದ ಬಾಗಿಲಿನ ಗಾಜಿನಿಂದ ಒಳಗೆ ಇಣುಕುವ ಬಂಧುಗಳಿಗೆ ಕೆಲವೊಮ್ಮೆ ಎದೆ ಝಲ್ಲೆನಿಸುವ ನೋಟವೊಂದು ಎದುರಾಗುತ್ತದೆ. ನಿನ್ನೆಯವರೆಗೆ ಅಂಗಾತ ಮಲಗಿದ್ದ ರೋಗಿಯನ್ನು ಇಂದು ಬೋರಲಾಗಿ ಮಲಗಿಸಲಾಗಿದೆ. ಮುಖ ಒಂದು ಪಕ್ಕಕ್ಕೆ ಹೊರಳಿದೆ. ಬಾಯಿಯಿಂದ ಹೊರಟ ಕೊಳವೆ ಹಾಸಿಗೆಯ ಅಂಚನ್ನು ಬಳಸಿ ಯಂತ್ರವನ್ನು ಸೇರಿದೆ. ಹೃದಯದ ಬಡಿತವನ್ನು ಗಮನಿಸುವ ತಂತಿಗಳು ಬೆನ್ನಿಗೆ ಅಂಟಿಕೊಂಡಿವೆ. ಉಸಿರಾಡಲು ಕಷ್ಟಪಡುತ್ತಿರುವವರನ್ನು ಎದೆಯ ಮೇಲೆಯೇ ಮಲಗಿಸಿದರೆ ಇರುವ ಉಸಿರೂ ಕಟ್ಟಿಹೋಗದೆ ಎಂಬ ಸಂದೇಹ ಯಾರಿಗಾದರೂ ಬರುವಂಥದೇ. ಕವುಚಿ ಮಲಗಬೇಡವೆಂದು ಮಕ್ಕಳನ್ನು ಗದರಿಸುವ ಹಿರಿಯರಿರುವ ಮನೆಗಳಿಂದ ಬಂದವರಿಗಂತೂ ಅದು ಅಪಶಕುನದಂತೆಯೇ ತೋರಬಹುದು.

ಆದರೆ ಶ್ವಾಸಕೋಶಗಳಿಗೆ ತೀವ್ರವಾದ ಘಾಸಿಯಾಗಿ, ವೆಂಟಿಲೇಟರಿನ ನೆರವಿನಿಂದ ಉಸಿರಾಡುತ್ತಿರುವ ರೋಗಿಯ ಪಾಲಿಗೆ ಈ ಮಗ್ಗುಲು ಬದಲಾವಣೆ ಬರಿಯ ಆರೈಕೆಯಲ್ಲ, ಅದು ಚಿಕಿತ್ಸೆಯೇ. ಜೀವ ಉಳಿಸುತ್ತದೆಂದು ಪ್ರಯೋಗಗಳಿಂದ ಸಿದ್ಧವಾಗಿರುವ ಕೆಲವೇ ಕ್ರಮಗಳಲ್ಲಿ ಅದೂ ಒಂದು. ಇದಕ್ಕೆ ಹೊಸ ಔಷಧ ಬೇಕಿಲ್ಲ. ವೆಂಟಿಲೇಟರಿನ ಹೊರತು ಮತ್ತೊಂದು ದುಬಾರಿ ಯಂತ್ರವೂ ಬೇಕಿಲ್ಲ. ಬೇಕಾದುದು ಪಳಗಿದ ನಾಲ್ಕೈದು ಜನರ ಕೈಗಳು, ಕೆಲವು ದಿಂಬುಗಳು ಮತ್ತು ದಿನವಿಡೀ ಎಚ್ಚರದಿಂದಿರುವ ಕಣ್ಣುಗಳು. ಇಷ್ಟು ಸರಳವೆಂದು ತೋರುವ ಉಪಾಯದ ನಿಜವಾದ ಬೆಲೆ ವೈದ್ಯಲೋಕಕ್ಕೆ ಮನದಟ್ಟಾಗಲು ಸುಮಾರು 40 ವರ್ಷಗಳೇ ಹಿಡಿದವು. ಆ ವಿಳಂಬದ ಕಥೆ, ದೊಡ್ಡಾಸ್ಪತ್ರೆಗಳಿಂದ ದೂರದಲ್ಲಿ ಬಾಳುವ ಗಡಿನಾಡಿನ ಜನರು ಅಗತ್ಯವಾಗಿ ತಿಳಿಯಬೇಕಾದ ಕಥೆಯೂ ಹೌದು.

ನೀರು ತುಂಬಿದ ಶ್ವಾಸಕೋಶ

ಮನುಷ್ಯನ ಶ್ವಾಸಕೋಶಗಳಲ್ಲಿ ಕೋಟ್ಯಂತರ ಸೂಕ್ಷ್ಮ ಗಾಳಿಗೂಡುಗಳಿವೆ. ಅವುಗಳ ಗೋಡೆ ಎಷ್ಟು ತೆಳುವೆಂದರೆ ಒಂದು ಬದಿಯ ಗಾಳಿಯಲ್ಲಿರುವ ಆಮ್ಲಜನಕ ಇನ್ನೊಂದು ಬದಿಯ ರಕ್ತಕ್ಕೆ ಕ್ಷಣಮಾತ್ರದಲ್ಲಿ ದಾಟುತ್ತದೆ. ನ್ಯುಮೋನಿಯ, ರಕ್ತದಲ್ಲಿ ಹರಡಿದ ಸೋಂಕು, ದೊಡ್ಡ ಅಪಘಾತ, ಮೇದೋಜೀರಕ ಗ್ರಂಥಿಯ ಉರಿಯೂತ, ಹೊಟ್ಟೆಯಲ್ಲಿದ್ದುದು ಶ್ವಾಸನಾಳಕ್ಕೆ ಇಳಿಯುವುದು, ನೀರಿನಲ್ಲಿ ಮುಳುಗುವುದು ಮುಂತಾದ ಹಲವು ಕಾರಣಗಳಿಂದ ಈ ತೆಳುಗೋಡೆ ಘಾಸಿಗೊಳ್ಳಬಹುದು. ಆಗ ರಕ್ತನಾಳಗಳಲ್ಲಿರಬೇಕಾದ ದ್ರವ ಗಾಳಿಗೂಡುಗಳೊಳಗೆ ಸೋರುತ್ತದೆ. ಗಾಳಿ ತುಂಬಬೇಕಾದಲ್ಲಿ ನೀರು ತುಂಬುತ್ತದೆ. ಮಳೆಗಾಲದಲ್ಲಿ ತೋಟ ಗದ್ದೆಗಳಲ್ಲಿ ದುಡಿಯುವವರನ್ನು ಕಾಡುವ ಇಲಿಜ್ವರ, ಡೆಂಗಿ ಮತ್ತು ಮಲೇರಿಯಗಳು ಉಲ್ಬಣಿಸಿದಾಗಲೂ ಇಂತಹ ಸ್ಥಿತಿ ಒದಗುವುದುಂಟು. ಕೋವಿಡ್ ಕಾಲದಲ್ಲಿ ಇದರ ಹೆಸರು ಮನೆಮನೆಗೆ ತಲುಪದಿದ್ದರೂ ಇದರ ಹೊಡೆತ ಮನೆಮನೆಗೆ ತಲುಪಿತು.

ಬೇರೆಬೇರೆ ಕಾರಣಗಳಿಂದ ಬಂದರೂ ಇದೊಂದೇ ಬಗೆಯ ಸ್ಥಿತಿಯೆಂದು ಗುರುತಿಸಿದವರು ಅಮೆರಿಕದ ಡೆನ್ವರ್ ನಗರದ ಆಶ್‌ಬಾ, ಪೆಟಿ ಮತ್ತು ಸಂಗಡಿಗರು. 1967ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು 12 ಮಂದಿ ರೋಗಿಗಳ ವಿವರ ನೀಡಿದರು. ಆ ಹನ್ನೆರಡರಲ್ಲಿ ಏಳು ಮಂದಿ ಬದುಕಲಿಲ್ಲ. ವೈದ್ಯರು ಇಂದು ಇದನ್ನು ‘ಎಆರ್‌ಡಿಎಸ್’ ಎಂದು ಕರೆಯುತ್ತಾರೆ; ಕನ್ನಡದಲ್ಲಿ ತೀವ್ರ ಉಸಿರಾಟ ಸಂಕಷ್ಟದ ಲಕ್ಷಣಕೂಟ ಎನ್ನಬಹುದು.

ಇದರ ತೀವ್ರತೆಯನ್ನು ಅಳೆಯಲು ಒಂದು ಲೆಕ್ಕವಿದೆ. ರೋಗಿಯ ಅಪಧಮನಿಯ ರಕ್ತದಲ್ಲಿರುವ ಆಮ್ಲಜನಕದ ಒತ್ತಡವನ್ನು, ಅವರು ಸೇದುತ್ತಿರುವ ಗಾಳಿಯಲ್ಲಿನ ಆಮ್ಲಜನಕದ ಪಾಲಿನಿಂದ ಭಾಗಿಸುವುದು. ಆರೋಗ್ಯವಂತರಲ್ಲಿ ಈ ಸಂಖ್ಯೆ 400ಕ್ಕಿಂತ ಹೆಚ್ಚಿರುತ್ತದೆ. ಅದು 300 ಅಥವಾ ಅದಕ್ಕಿಂತ ಕಡಮೆಯಾದರೆ ಸೌಮ್ಯ, 200ರಿಂದ ಕೆಳಗೆ ಮಧ್ಯಮ, 100ರಿಂದ ಕೆಳಗಿಳಿದರೆ ತೀವ್ರ ಎಂದು 2012ರ ‘ಬರ್ಲಿನ್ ವ್ಯಾಖ್ಯೆ’ ವಿಂಗಡಿಸಿದೆ. ಈ ಸಂಖ್ಯೆ ಮುಂದೆ ಮತ್ತೆ ಬರಲಿದೆ.

ಯಂತ್ರ ಉಳಿಸುತ್ತದೆ, ಯಂತ್ರವೇ ನೋಯಿಸುತ್ತದೆ

ಕೊಳವೆಯ ಮೂಲಕ ಶ್ವಾಸಕೋಶಕ್ಕೆ ಗಾಳಿಯನ್ನು ಒತ್ತಿ ಕಳುಹಿಸಿ ಜೀವ ಉಳಿಸಬಹುದೆಂಬುದು ಜಗತ್ತಿಗೆ ಮನವರಿಕೆಯಾದುದು 1952ರಲ್ಲಿ. ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಈ ವಿಧಾನವನ್ನು ಮುಂದಿಟ್ಟರು. ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು, ರಬ್ಬರಿನ ಚೀಲವನ್ನು ಕೈಯಿಂದ ಹಿಂಡುತ್ತ, ರೋಗಿಗಳಿಗಾಗಿ ಹಗಲಿರುಳು ಉಸಿರಾಡಿದರು. ಇಂದಿನ ತೀವ್ರ ನಿಗಾ ಘಟಕಗಳ ಮೂಲವನ್ನು ಅಲ್ಲಿಯೇ ಗುರುತಿಸಲಾಗುತ್ತದೆ. ಕೈಗಳಿಂದ ಆರಂಭವಾದ ಈ ವಿದ್ಯೆ ಮುಂದೆ ಯಂತ್ರಗಳ ವಶವಾಯಿತು.

ಪೋಲಿಯೊ ರೋಗಿಗಳಲ್ಲಿ ಸೋತುದು ಮುಖ್ಯವಾಗಿ ಉಸಿರಾಟದ ಸ್ನಾಯುಗಳು. ಎಆರ್‌ಡಿಎಸ್‌ನಲ್ಲಿ ಸೋಲುವುದು ಶ್ವಾಸಕೋಶವೇ. ಇಟಲಿಯ ಮಿಲಾನಿನಲ್ಲಿ ಲುಚಾನೊ ಗತ್ತಿನೋನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಇಂತಹ ರೋಗಿಗಳನ್ನು ಸಿ.ಟಿ. ಸ್ಕ್ಯಾನಿಗೆ ಒಳಪಡಿಸಿದಾಗ ಒಂದು ಹೊಸ ಸಂಗತಿ ಕಂಡಿತು. ಸಾಮಾನ್ಯ ಎಕ್ಸ್‌ರೇಯಲ್ಲಿ ಇಡೀ ಶ್ವಾಸಕೋಶವೇ ಬೆಳ್ಳಗಾಗಿ, ಎಲ್ಲೆಡೆ ಸಮನಾಗಿ ಕೆಟ್ಟಂತೆ ತೋರುತ್ತಿದ್ದುದು ನಿಜವಾಗಿ ಹಾಗಿರಲಿಲ್ಲ. ಅಂಗಾತ ಮಲಗಿದ್ದ ರೋಗಿಗಳಲ್ಲಿ ಬೆನ್ನಿನ ಕಡೆಯ ಭಾಗ ಗಾಳಿಯಿಲ್ಲದೆ ಕುಸಿದಿತ್ತು. ಎದೆಯ ಮುಂಭಾಗದಲ್ಲಿ ಸ್ವಲ್ಪ ಭಾಗ ಮಾತ್ರ ತೆರೆದುಕೊಂಡು ಕೆಲಸ ಮಾಡುತ್ತಿತ್ತು. ಆ ಉಳಿದ ಭಾಗದ ಗಾತ್ರ ಸುಮಾರಾಗಿ ಒಂದು ಮಗುವಿನ ಶ್ವಾಸಕೋಶದಷ್ಟು. ಆದುದರಿಂದಲೇ ಅವರು ಅದನ್ನು ‘ಶಿಶು ಶ್ವಾಸಕೋಶ’ ಎಂದು ಕರೆದರು.

ಮಗುವಿನಷ್ಟು ಶ್ವಾಸಕೋಶಕ್ಕೆ ಬೆಳೆದ ಮನುಷ್ಯನ ಉಸಿರನ್ನು ತುಂಬಿದರೆ ಅದು ಹಿಗ್ಗಿ ಹರಿಯುತ್ತದೆ, ಉರಿಯೂತ ಹೆಚ್ಚುತ್ತದೆ. ಕಾಯಿಲೆ ಮಾಡಿದ ಗಾಯದ ಮೇಲೆ ಯಂತ್ರ ಮತ್ತೊಂದು ಗಾಯ ಮಾಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಉಸಿರಿಗೂ ಸಲ್ಲುವ ಮಾತು. 2000ರಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪ್ರಯೋಗ ಇದನ್ನು ಸಿದ್ಧಪಡಿಸಿತು. ಎತ್ತರದ ಆಧಾರದಲ್ಲಿ ಲೆಕ್ಕಹಾಕಿದ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರಿನಂತೆ ಗಾಳಿ ಕೊಡುವ ರೂಢಿಯ ಬದಲಿಗೆ ಕೇವಲ 6 ಮಿಲಿಲೀಟರಿನಂತೆ ಕೊಟ್ಟಾಗ ಸಾವಿನ ಪ್ರಮಾಣ ಶೇ. 39.8ರಿಂದ ಶೇ. 31ಕ್ಕೆ ಇಳಿಯಿತು. ಆ ಪ್ರಯೋಗದಲ್ಲಿ ಇನ್ನೊಂದು ಗಮನಾರ್ಹ ಅಂಶವಿತ್ತು. ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕದ ಲೆಕ್ಕ ಚೆನ್ನಾಗಿ ಕಾಣಿಸಿದುದು ಹೆಚ್ಚು ಗಾಳಿ ಪಡೆದವರಲ್ಲಿ. ಆದರೆ ಹೆಚ್ಚು ಮಂದಿ ಸತ್ತುದೂ ಅವರಲ್ಲಿಯೇ. ಪರದೆಯ ಮೇಲಿನ ಅಂಕಿ ಏರಿದ ಮಾತ್ರಕ್ಕೆ ಜೀವ ಉಳಿಯಿತೆಂದು ಹೇಳಲಾಗದು ಎಂಬ ಪಾಠ ಇದರಲ್ಲಿತ್ತು.

ಬೆನ್ನಿನ ಮೇಲೆ ಬೀಳುವ ಭಾರ

ಅಂಗಾತ ಮಲಗಿದಾಗ ಬೆನ್ನಿನ ಕಡೆಯ ಶ್ವಾಸಕೋಶವೇ ಏಕೆ ಕುಸಿಯುತ್ತದೆ? ಮಳೆಯಲ್ಲಿ ನೆಂದ ಹತ್ತಿಯ ಹಾಸಿಗೆಯನ್ನು ನೆನೆದರೆ ಅರ್ಥವಾದೀತು. ಹಾಸಿಗೆ ಪೂರ್ತಿ ನೆಂದಿದ್ದರೂ ಮೇಲಿನ ಪದರದ ಭಾರದಿಂದ ಕೆಳಗಿನ ಪದರ ಅಪ್ಪಚ್ಚಿಯಾಗಿರುತ್ತದೆ. ಘಾಸಿಗೊಂಡ ಶ್ವಾಸಕೋಶವೂ ಹಾಗೆಯೇ. ದ್ರವದಿಂದ ಭಾರವಾದ ಮೇಲ್ಭಾಗ ಕೆಳಗಿನ ಗಾಳಿಗೂಡುಗಳನ್ನು ಹಿಂಡುತ್ತದೆ. ಇದರ ಮೇಲೆ ಹೃದಯದ ಭಾರವೂ ಇದೆ. ಎದೆಮೂಳೆಯ ಹಿಂದೆ ನೆಲೆಸಿರುವ ಹೃದಯ, ಅಂಗಾತ ಮಲಗಿದಾಗ ತನ್ನ ಕೆಳಗಿನ ಶ್ವಾಸಕೋಶವನ್ನು, ಅದರಲ್ಲೂ ಎಡಭಾಗವನ್ನು ಅದುಮುತ್ತದೆ. ಔಷಧಗಳಿಂದ ಸ್ನಾಯುಗಳು ಸಡಿಲವಾಗಿರುವ ರೋಗಿಯಲ್ಲಿ ಹೊಟ್ಟೆಯ ಅಂಗಾಂಗಗಳೂ ವಪೆಯನ್ನು ಹಿಂಭಾಗದಿಂದ ಎದೆಗೂಡಿನೊಳಕ್ಕೆ ತಳ್ಳುತ್ತವೆ. ಎದೆಗೂಡಿನ ಆಕಾರವೇ ಬೆನ್ನಿನ ಕಡೆ ಅಗಲ, ಮುಂದೆ ಕಿರಿದಾಗಿರುವುದರಿಂದ ಶ್ವಾಸಕೋಶದ ದೊಡ್ಡ ಪಾಲು ಇರುವುದೇ ಬೆನ್ನಿನ ಕಡೆ. ಹೀಗೆ ಹೆಚ್ಚು ಗಾಳಿಗೂಡುಗಳಿರುವ ಭಾಗವೇ ಮುಚ್ಚಿಹೋಗುತ್ತದೆ.

ರಕ್ತ ಮಾತ್ರ ಆ ಮುಚ್ಚಿದ ಭಾಗಕ್ಕೂ ಹರಿಯುತ್ತಲೇ ಇರುತ್ತದೆ. ಗಾಳಿಯನ್ನು ಕಾಣದೆ, ಆಮ್ಲಜನಕವನ್ನು ಪಡೆಯದೆ, ಬಂದ ಹಾಗೆಯೇ ಹೃದಯಕ್ಕೆ ಮರಳುತ್ತದೆ. ಯಂತ್ರ ಎಷ್ಟು ಆಮ್ಲಜನಕ ಕೊಟ್ಟರೂ ರಕ್ತದಲ್ಲಿ ಅದು ಏರದಿರುವುದಕ್ಕೆ ಇದೇ ದೊಡ್ಡ ಕಾರಣ.

ರೋಗಿಯನ್ನು ಬೋರಲಾಗಿಸಿದಾಗ ಈ ಲೆಕ್ಕವೆಲ್ಲ ತಿರುಗುತ್ತದೆ. ಹೃದಯದ ಭಾರ ಎದೆಮೂಳೆಯ ಮೇಲೆ ಬೀಳುತ್ತದೆ. ಬೆನ್ನಿನ ಕಡೆಯ ಗಾಳಿಗೂಡುಗಳು ಭಾರ ಕಳೆದು ಬಿಚ್ಚಿಕೊಳ್ಳುತ್ತವೆ. ಎದೆಯ ಮುಂಭಾಗ ಹಾಸಿಗೆಗೆ ತಾಗಿ ಬಿಗಿಯಾಗುವುದರಿಂದ ಯಂತ್ರದ ಗಾಳಿ ಎಲ್ಲ ಕಡೆಗೆ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ. ಮುಂಭಾಗದ ಕೆಲವು ಗೂಡುಗಳು ಮುಚ್ಚಿಕೊಂಡರೂ, ಬೆನ್ನಿನ ಕಡೆ ತೆರೆದುಕೊಳ್ಳುವವು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ರಕ್ತದ ಹರಿವಿನ ಹೆಚ್ಚಿನ ಪಾಲು ಬೋರಲಾದಾಗಲೂ ಬೆನ್ನಿನ ಕಡೆಯ ಭಾಗಕ್ಕೇ ಇರುವುದರಿಂದ ಗಾಳಿ ಮತ್ತು ರಕ್ತ ಕೊನೆಗೂ ಒಂದೆಡೆ ಸೇರುತ್ತವೆ. ಶ್ವಾಸನಾಳದ ಕಫವೂ ಸುಲಭವಾಗಿ ಬಾಯಿಯತ್ತ ಇಳಿದುಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉಸಿರಿನ ಒತ್ತಡ ಪುಟ್ಟದೊಂದು ಭಾಗದ ಮೇಲೆಯೇ ಬೀಳದೆ ಅಗಲವಾಗಿ ಹರಡುವುದರಿಂದ ಯಂತ್ರ ಮಾಡುವ ಗಾಯ ಕಡಮೆಯಾಗುತ್ತದೆ.

ನಲವತ್ತು ವರ್ಷಗಳ ಸಂದೇಹ

ಈ ಯೋಚನೆ ಹೊಸದಲ್ಲ. ಅರಿವಳಿಕೆಯಲ್ಲಿರುವವರನ್ನು ಬೋರಲಾಗಿಸಿದರೆ ಬೆನ್ನಿನ ಕಡೆಯ ಶ್ವಾಸಕೋಶ ಚೆನ್ನಾಗಿ ತೆರೆದುಕೊಂಡೀತೆಂದು ಕೆನಡಾದ ವೈದ್ಯ ಬ್ರಯನ್ 1974ರಲ್ಲಿಯೇ ಸೂಚಿಸಿದ್ದರು. 1976ರಲ್ಲಿ ಅಮೆರಿಕದ ಮಾರ್ಗರೆಟ್ ಪೀಲ್ ಮತ್ತು ರಾಬರ್ಟ್ ಬ್ರೌನ್ ಐವರು ರೋಗಿಗಳಲ್ಲಿ ಇದನ್ನು ಮಾಡಿ ನೋಡಿ, ರಕ್ತದ ಆಮ್ಲಜನಕ ಗಣನೀಯವಾಗಿ ಏರಿದುದನ್ನು ವರದಿ ಮಾಡಿದರು. ಆಮೇಲೆ ಇಂತಹ ವರದಿಗಳು ಒಂದರ ಹಿಂದೊಂದು ಬಂದವು. ಪ್ರತಿಸಲವೂ ಬಹುಪಾಲು ರೋಗಿಗಳಲ್ಲಿ ಆಮ್ಲಜನಕ ಏರುತ್ತಿತ್ತು. ಆದರೆ ಹೆಚ್ಚು ಮಂದಿ ಬದುಕುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಗತ್ತಿನೋನಿಯವರ ತಂಡವೇ ಪರೀಕ್ಷೆಗೆ ಒಡ್ಡಿತು. 304 ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪನ್ನು ದಿನಕ್ಕೆ ಆರು ತಾಸು ಅಥವಾ ತುಸು ಹೆಚ್ಚು ಕಾಲ ಬೋರಲಾಗಿ ಮಲಗಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕವಾಗಿತ್ತು. ಆಮ್ಲಜನಕ ಏರಿತ್ತು, ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. 2004ರಲ್ಲಿ ಫ್ರಾನ್ಸಿನ ಕ್ಲೋಡ್ ಗೆರಾಂ ಮತ್ತು ಸಂಗಡಿಗರು 791 ರೋಗಿಗಳ ಇನ್ನೂ ದೊಡ್ಡ ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿ ಬೋರಲು ಮಲಗಿಸುವ ಅವಧಿ ಸುಮಾರು ಎಂಟು ತಾಸು. ಫಲಿತಾಂಶ ಮತ್ತೆ ಅದೇ. ಈ ಉಪಾಯ ಅಂಕಿಗಳನ್ನು ತಿದ್ದುತ್ತದೆಯೇ ಹೊರತು ಆಯುಸ್ಸನ್ನಲ್ಲ ಎಂದು ಅನೇಕರು ಕೈಬಿಟ್ಟರು.

ಕೆಲವರು ಮಾತ್ರ ಸೋಲಿನ ಒಳಹೊಕ್ಕು ನೋಡಿದರು. ಹಿಂದಿನ ಪ್ರಯೋಗಗಳಲ್ಲಿ ಸೌಮ್ಯ ರೋಗಿಗಳೂ ತೀವ್ರ ರೋಗಿಗಳೂ ಬೆರೆತಿದ್ದರು. ದಿನದ ಕಾಲುಭಾಗವನ್ನೋ ಮೂರರಲ್ಲೊಂದು ಭಾಗವನ್ನೋ ಬೋರಲಾಗಿ ಕಳೆದವರು ಉಳಿದ ಹೊತ್ತೆಲ್ಲ ಅಂಗಾತವಾಗಿಯೇ ಇದ್ದರು. ಸಣ್ಣ ಉಸಿರಿನ ನಿಯಮ ಎಲ್ಲೆಡೆ ಪಾಲನೆಯಾಗಿರಲಿಲ್ಲ. 2010ರಲ್ಲಿ ಹಳೆಯ ಪ್ರಯೋಗಗಳ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಅತಿ ತೀವ್ರವಾಗಿ ಬಳಲಿದ್ದವರಲ್ಲಿ ಮಾತ್ರ ಜೀವ ಉಳಿಯುವ ಸೂಚನೆ ಕಂಡಿತು.

ಎರಡನೆಯ ಪ್ರಯೋಗದಲ್ಲಿ ನಿರಾಶರಾಗಿದ್ದ ಗೆರಾಂ ಅವರೇ ಮತ್ತೊಮ್ಮೆ ಕೈಹಾಕಿದರು. ಫ್ರಾನ್ಸಿನ 26 ಮತ್ತು ಸ್ಪೇನಿನ ಒಂದು ತೀವ್ರ ನಿಗಾ ಘಟಕಗಳಲ್ಲಿ ನಡೆದ ಈ ಪ್ರಯೋಗಕ್ಕೆ ‘ಪ್ರೊಸೇವಾ’ ಎಂದು ಹೆಸರು. ಈ ಬಾರಿ ಮೇಲೆ ಹೇಳಿದ ಸಂಖ್ಯೆ 150ಕ್ಕಿಂತ ಕೆಳಗಿಳಿದಿದ್ದವರನ್ನು ಮಾತ್ರ ಆರಿಸಿದರು. ವೆಂಟಿಲೇಟರಿಗೆ ಹಾಕಿ 36 ತಾಸು ಕಳೆಯುವ ಮೊದಲೇ ಸೇರಿಸಿಕೊಂಡರು. ಒಮ್ಮೆ ಬೋರಲಾಗಿಸಿದರೆ ಕನಿಷ್ಠ 16 ತಾಸು ಹಾಗೆಯೇ ಇರಿಸಿದರು. ಎರಡೂ ಗುಂಪುಗಳಿಗೆ ಸಣ್ಣ ಉಸಿರನ್ನೇ ಕೊಟ್ಟರು. ಈ ಕೆಲಸದಲ್ಲಿ ಐದು ವರ್ಷಕ್ಕೂ ಹೆಚ್ಚು ಅನುಭವವಿದ್ದ ಘಟಕಗಳನ್ನೇ ಆಯ್ದುಕೊಂಡರು.

2013ರಲ್ಲಿ ಫಲಿತಾಂಶ ಹೊರಬಂದಾಗ ವೈದ್ಯಲೋಕ ಬೆರಗಾಯಿತು. ಅಂಗಾತವೇ ಇದ್ದ 229 ಮಂದಿಯಲ್ಲಿ 28 ದಿನಗಳೊಳಗೆ ಶೇ. 32.8ರಷ್ಟು ಮಂದಿ ತೀರಿಕೊಂಡಿದ್ದರು; ಬೋರಲಾಗಿ ಮಲಗಿಸಿದ್ದ 237 ಮಂದಿಯಲ್ಲಿ ಶೇ. 16. ಸಾವು ಅರ್ಧಕ್ಕೆ ಇಳಿದಿತ್ತು. 90 ದಿನಗಳ ಬಳಿಕವೂ ಅಂತರ ಉಳಿದಿತ್ತು: ಶೇ. 41 ಮತ್ತು ಶೇ. 23.6. ಬೇರೆ ಮಾತಿನಲ್ಲಿ ಹೇಳುವುದಾದರೆ, ಇಂತಹ ಆರು ಮಂದಿ ರೋಗಿಗಳನ್ನು ಹೊರಳಿಸಿದರೆ ಹೆಚ್ಚುವರಿಯಾಗಿ ಒಬ್ಬರ ಜೀವ ಉಳಿಯುತ್ತದೆ. ತೀವ್ರ ನಿಗಾ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಫಲ ಕೊಟ್ಟ ಪ್ರಯೋಗಗಳು ಬೆರಳೆಣಿಕೆಯಷ್ಟು.

ಅದೇ ಅಂಕಿಗಳನ್ನು ಮರುವರ್ಷ ಮತ್ತೆ ಪರಿಶೀಲಿಸಿದಾಗ ಇನ್ನೊಂದು ಸತ್ಯ ಹೊರಬಿತ್ತು. ಬೋರಲಾದಾಗ ಯಾರ ಆಮ್ಲಜನಕ ಎಷ್ಟು ಏರಿತೆಂಬುದಕ್ಕೂ ಯಾರು ಬದುಕಿದರೆಂಬುದಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ಜೀವ ಉಳಿಸಿದುದು ಮುಖ್ಯವಾಗಿ ಏರಿದ ಆಮ್ಲಜನಕವಲ್ಲ. ಘಾಸಿಗೊಂಡ ಶ್ವಾಸಕೋಶಕ್ಕೆ ಯಂತ್ರದಿಂದ ಸಿಕ್ಕ ರಕ್ಷಣೆ. ಪರದೆಯ ಅಂಕಿಯೊಂದನ್ನೇ ನೋಡಿ ‘ಇವರಿಗೆ ಪ್ರಯೋಜನವಾಗಲಿಲ್ಲ’ ಎಂದು ಬೇಗನೆ ಅಂಗಾತಕ್ಕೆ ತಿರುಗಿಸಿಬಿಡುವುದು ಸರಿಯಲ್ಲವೆಂಬುದು ಇದರ ತಾತ್ಪರ್ಯ.

ಹೊರಳಿಸುವ ಕೈಗಳು

ಮಗು ಮೊದಲ ಸಲ ತಾನಾಗಿ ಬೋರಲು ಬಿದ್ದಾಗ ಮನೆಯವರೆಲ್ಲ ಸಂಭ್ರಮಿಸುತ್ತಾರೆ. ಪ್ರಜ್ಞೆಯಿಲ್ಲದ, ಮೈತುಂಬ ಕೊಳವೆಗಳಿರುವ, ಎಪ್ಪತ್ತು ಕಿಲೋ ತೂಗುವ ದೇಹವನ್ನು ಬೋರಲು ಬೀಳಿಸುವುದು ಬೇರೆಯೇ ಕೆಲಸ. ಮೊದಲು ಮೂಗಿನ ಕೊಳವೆಯ ಆಹಾರವನ್ನು ನಿಲ್ಲಿಸಿ ಹೊಟ್ಟೆಯಲ್ಲಿರುವುದನ್ನು ಹೊರತೆಗೆಯುತ್ತಾರೆ. ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಅಂಟಿಸುತ್ತಾರೆ. ಉಸಿರಿನ ಕೊಳವೆ ಎಷ್ಟು ಆಳದಲ್ಲಿದೆಯೆಂದು ಗುರುತು ಮಾಡಿಕೊಂಡು ಬಿಗಿಯಾಗಿ ಕಟ್ಟುತ್ತಾರೆ. ಅರಿವಳಿಕೆಯ ಔಷಧ, ಹೆಚ್ಚಾಗಿ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧವೂ ಹರಿಯುತ್ತಿರುತ್ತದೆ. ಅನಂತರ ತಂಡದ ಒಬ್ಬರು ತಲೆಯ ಬಳಿ ನಿಂತು ತಲೆಯನ್ನೂ ಕೊಳವೆಯನ್ನೂ ಹಿಡಿಯುತ್ತಾರೆ. ಆಜ್ಞೆ ಕೊಡುವವರು ಅವರೇ. ಇಬ್ಬರಿಬ್ಬರು ಇಕ್ಕೆಲಗಳಲ್ಲಿ ನಿಲ್ಲುತ್ತಾರೆ. ಅವರ ಎಣಿಕೆಗೆ ಸರಿಯಾಗಿ ರೋಗಿಯನ್ನು ಹಾಸಿಗೆಯ ಒಂದು ಅಂಚಿಗೆ ಸರಿಸಿ, ಮಗ್ಗುಲಿಗೆ ಹೊರಳಿಸಿ, ಬಳಿಕ ಬೋರಲಾಗಿಸುತ್ತಾರೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಎದೆ ಮತ್ತು ಸೊಂಟದ ಕೆಳಗೆ ದಿಂಬುಗಳನ್ನಿಟ್ಟು ಹೊಟ್ಟೆಗೆ ಬಿಡುವು ಕೊಡಬೇಕು. ಈಜುವವರ ಹಾಗೆ ಒಂದು ಕೈಯನ್ನು ತಲೆಯ ಕಡೆಗೆ ಎತ್ತಿ, ಇನ್ನೊಂದನ್ನು ಮೈಗೆ ಸೇರಿಸಿಡಬೇಕು. ಕೆಲವು ತಾಸುಗಳಿಗೊಮ್ಮೆ ಮುಖದ ದಿಕ್ಕನ್ನೂ ಕೈಗಳ ಭಂಗಿಯನ್ನೂ ಬದಲಿಸಬೇಕು. ಇಲ್ಲವಾದರೆ ಕೆನ್ನೆ, ಗಲ್ಲ, ಎದೆ, ಮೊಣಕಾಲುಗಳಲ್ಲಿ ಒತ್ತಡದ ಹುಣ್ಣುಗಳಾಗುತ್ತವೆ; ಭುಜದ ನರಗಳು ಎಳೆದು ಕೈ ಸೋಲಬಹುದು; ಕಣ್ಣಿಗೆ ಅಪಾಯವಾಗಬಹುದು. ಕೊಳವೆ ಕಟ್ಟಿಕೊಳ್ಳುವ ಅಥವಾ ಜಾರುವ ಭಯ ಸದಾ ಇದ್ದೇ ಇದೆ. ಮುಖ ಊದಿಕೊಳ್ಳುವುದು ಸಾಮಾನ್ಯ. ಅಂಗಾತಕ್ಕೆ ಮರಳಿದ ಬಳಿಕ ಅದು ಇಳಿಯುತ್ತದೆ. ಪಳಗಿದ ಕೈಗಳಿದ್ದಲ್ಲಿ ಈ ಅಪಾಯಗಳನ್ನು ಹತೋಟಿಯಲ್ಲಿಡಬಹುದು. ಪ್ರೊಸೇವಾ ಪ್ರಯೋಗದಲ್ಲಿ ಹೃದಯಸ್ತಂಭನ ಹೆಚ್ಚಾಗಿ ಕಂಡುಬಂದುದು ಅಂಗಾತ ಮಲಗಿದ್ದವರಲ್ಲಿಯೇ.

ಎಲ್ಲರನ್ನೂ ಹೀಗೆ ಹೊರಳಿಸುವಂತಿಲ್ಲ. ಬೆನ್ನುಮೂಳೆ ಮುರಿದು ಅಲುಗುತ್ತಿರುವವರು, ತಲೆಬುರುಡೆಯೊಳಗಿನ ಒತ್ತಡ ಏರಿರುವವರು, ಎದೆ ಅಥವಾ ಹೊಟ್ಟೆಯ ಶಸ್ತ್ರಕ್ರಿಯೆಯ ಗಾಯ ತೆರೆದಿರುವವರು, ರಕ್ತದೊತ್ತಡ ತೀರ ಕುಸಿದವರು ಮುಂತಾದವರಲ್ಲಿ ಹಾನಿಯೇ ಹೆಚ್ಚಾಗಬಹುದು. ಸೌಮ್ಯವಾಗಿ ಬಳಲಿರುವವರಿಗೆ ಇದರ ಅಗತ್ಯವೂ ಇಲ್ಲ. ವೆಂಟಿಲೇಟರಿನಲ್ಲಿದ್ದು ಬೋರಲಾಗಿರದ ಸಾಮಾನ್ಯ ರೋಗಿಗಳಿಗೆ ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿಯಷ್ಟು ಎತ್ತರಿಸಿಡುವುದು ರೂಢಿ. ಹೊಟ್ಟೆಯಲ್ಲಿರುವುದು ಶ್ವಾಸನಾಳಕ್ಕೆ ಇಳಿದು ಹೊಸ ನ್ಯುಮೋನಿಯ ತಗಲದಿರಲೆಂದು ಹಾಗೆ ಮಾಡಲಾಗುತ್ತದೆ. ಒಂದೇ ಬದಿಯ ಶ್ವಾಸಕೋಶ ಕೆಟ್ಟಿದ್ದರೆ ಸಾಮಾನ್ಯವಾಗಿ ಚೆನ್ನಾಗಿರುವ ಬದಿಯನ್ನು ಕೆಳಗಿರಿಸಿ ಮಗ್ಗುಲಾಗಿಸುತ್ತಾರೆ. ಯಾವ ರೋಗಿಗೆ ಯಾವ ಭಂಗಿ ಎಂಬುದೂ ಔಷಧದ ಪ್ರಮಾಣದಷ್ಟೇ ಯೋಚಿಸಿ ನಿರ್ಧರಿಸಬೇಕಾದ ವಿಷಯ.

ಕೋವಿಡ್ ಕಲಿಸಿದುದು

ಪ್ರೊಸೇವಾದ ಬಳಿಕವೂ ಆಚರಣೆ ಬೇಗನೆ ಬದಲಾಗಲಿಲ್ಲ. 50 ದೇಶಗಳ 459 ತೀವ್ರ ನಿಗಾ ಘಟಕಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ತೀವ್ರ ಸ್ವರೂಪದ ಎಆರ್‌ಡಿಎಸ್ ಇದ್ದ ರೋಗಿಗಳಲ್ಲಿ ಬೋರಲು ಮಲಗಿಸುವ ಚಿಕಿತ್ಸೆ ಸಿಕ್ಕಿದ್ದು ಶೇ. 16.3ರಷ್ಟು ಮಂದಿಗೆ ಮಾತ್ರ. ಔಷಧವೊಂದು ಸಾವನ್ನು ಅರ್ಧಕ್ಕಿಳಿಸಿದ್ದರೆ ಅದನ್ನು ಮಾರಲು ಕಂಪೆನಿಗಳು ನಾಮುಂದು ತಾಮುಂದು ಎನ್ನುತ್ತಿದ್ದವು. ದಿಂಬು ಮತ್ತು ಕೈಗಳಿಗೆ ಮಾರುಕಟ್ಟೆಯಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಚಿತ್ರ ಬದಲಾಯಿತು. ಅನೇಕ ದೇಶಗಳ ಆಸ್ಪತ್ರೆಗಳು ರೋಗಿಗಳನ್ನು ಹೊರಳಿಸುವುದಕ್ಕೆಂದೇ ಪ್ರತ್ಯೇಕ ತಂಡಗಳನ್ನು ಕಟ್ಟಿಕೊಂಡವು. ಕೊಳವೆ ಹಾಕದ, ಎಚ್ಚರವಿರುವ ರೋಗಿಗಳನ್ನೂ ತಾವಾಗಿಯೇ ಬೋರಲು ಮಲಗಲು ಪ್ರೇರೇಪಿಸಿದರು. ಆರು ದೇಶಗಳ 1,100ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ ಮಲಗಿದವರಲ್ಲಿ ಸಾವು ಅಥವಾ ವೆಂಟಿಲೇಟರಿನ ಕೊಳವೆಯ ಅಗತ್ಯ ಒದಗಿದುದು ಶೇ. 40ರಷ್ಟು ಮಂದಿಗೆ, ಉಳಿದವರಲ್ಲಿ ಶೇ. 46. ಲಾಭ ಮುಖ್ಯವಾಗಿ ಕೊಳವೆ ತಪ್ಪಿದುದರಲ್ಲಿತ್ತು.

ಭಾರತದಲ್ಲಿ ಎರಡನೆಯ ಅಲೆ ಉಕ್ಕಿದ್ದ 2021ರ ಏಪ್ರಿಲಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮನೆಯಲ್ಲಿರುವ ಕೋವಿಡ್ ರೋಗಿಗಳಿಗಾಗಿ ಚಿತ್ರಸಹಿತ ಸೂಚನೆಯನ್ನು ಹೊರಡಿಸಿತು. ಆಮ್ಲಜನಕದ ಮಟ್ಟ 94ಕ್ಕಿಂತ ಇಳಿದಾಗ, ಕತ್ತಿನ ಕೆಳಗೆ ಒಂದು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲ ಕೆಳಗೆ ಎರಡು ದಿಂಬುಗಳನ್ನಿಟ್ಟು ಬೋರಲು ಮಲಗಬೇಕು. ಊಟವಾದ ಒಂದು ತಾಸಿನೊಳಗೆ ಹಾಗೆ ಮಾಡಬಾರದು. ಗರ್ಭಿಣಿಯರು ಮತ್ತು ತೀವ್ರ ಹೃದ್ರೋಗವಿರುವವರು ಮಾಡಬಾರದು ಎಂದು ಅದರಲ್ಲಿತ್ತು. ಹಾಸಿಗೆ ಸಿಗದೆ ಅಲೆಯುತ್ತಿದ್ದವರಿಗೆ ಅದು ತಾತ್ಕಾಲಿಕ ಆಸರೆಯಾಗಿತ್ತೇ ಹೊರತು ಆಸ್ಪತ್ರೆಗೆ ಬದಲಿಯಲ್ಲ. ಇಂದಿಗೂ ಉಸಿರಾಟದ ತೊಂದರೆಯಿರುವವರು ಬೋರಲು ಮಲಗಿ ಕಾಯುತ್ತ ಕೂರುವುದು ತರವಲ್ಲ. ಕೂಡಲೇ ವೈದ್ಯರನ್ನು ಕಾಣಬೇಕು.

ಗಡಿಯ ಈಚೆಗೆ

ಕಾಸರಗೋಡಿನವರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ಇಲ್ಲವೇ 27 ತಿರುವುಗಳ ದಿಂಬಂ ಘಾಟಿಯಿಳಿದು ಸತ್ಯಮಂಗಲ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ಈಚೆಗೇ ಉಳಿಯಬೇಕಾಯಿತು. ವಿವಾದ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಚಿಕಿತ್ಸೆ ಮತ್ತೊಂದು ರಾಜ್ಯದಲ್ಲಿರುವಾಗ ಬದುಕು ಎಷ್ಟು ತೆಳುವಾದ ಎಳೆಯಲ್ಲಿ ತೂಗುತ್ತದೆಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ಆ ವರ್ಷ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರುಗಳಿಗಾಗಿ 2,000 ಕೋಟಿ ರೂಪಾಯಿ ಮೀಸಲಾಯಿತು. ಯಂತ್ರಗಳು ಬೇಕು, ನಿಜ. ಆದರೆ ಯಂತ್ರದ ಪಕ್ಕ ನಿಂತು ಉಸಿರನ್ನು ಸಣ್ಣದಾಗಿಸಬಲ್ಲ ವೈದ್ಯರು, ರೋಗಿಯನ್ನು ಹೊರಳಿಸಿ 16 ತಾಸು ಕಾಯಬಲ್ಲ ದಾದಿಯರು ಇಲ್ಲದಿದ್ದರೆ ಆ ಯಂತ್ರ ಅರ್ಧ ಚಿಕಿತ್ಸೆಯಷ್ಟೆ. ಈ ವಿದ್ಯೆಯನ್ನು ಕಲಿಸುವುದಕ್ಕೆ ತಗಲುವ ವೆಚ್ಚ ಯಂತ್ರದ ವೆಚ್ಚದ ಮುಂದೆ ಅಲ್ಪ. ಜಿಲ್ಲೆಗೊಂದು ತೀವ್ರ ನಿಗಾ ಘಟಕವನ್ನು ಕೇಳುವ ಜನಪ್ರತಿನಿಧಿಗಳೂ ಸಂಘಟನೆಗಳೂ ಹಾಸಿಗೆಗಳ ಸಂಖ್ಯೆಯ ಜೊತೆಗೆ ಪ್ರತಿ ಪಾಳಿಯಲ್ಲಿ ಎಷ್ಟು ಮಂದಿ ತರಬೇತಾದ ದಾದಿಯರಿರುತ್ತಾರೆ ಎಂಬುದನ್ನೂ ಕೇಳಬೇಕಾಗಿದೆ.

ಗಡಿನಾಡಿನ ಕುಟುಂಬಗಳಿಗೆ ಇನ್ನೊಂದು ತೊಡಕೂ ಇದೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿಯೋ ಮಲಯಾಳ, ತಮಿಳು, ಮರಾಠಿಗಳಲ್ಲಿಯೋ ಇರುತ್ತದೆ. ವಿವರಿಸಿ ಹೇಳುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಅರ್ಥವಾಗದ ನೋಟ ಭಯ ಹುಟ್ಟಿಸುತ್ತದೆ, ಭಯಗೊಂಡವರು ಬೇಡವೆನ್ನುತ್ತಾರೆ. ಹೀಗೆ ಬೇಡವೆನ್ನುವ ಮೊದಲು, ಅಥವಾ ಇಂತಹ ಚಿಕಿತ್ಸೆಯ ಮಾತೇ ಬಾರದಿರುವಾಗ, ಮನೆಯವರು ವೈದ್ಯರನ್ನು ವಿನಯದಿಂದ ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ರೋಗಿಯ ಆಮ್ಲಜನಕದ ಲೆಕ್ಕ ಈಗ ಎಷ್ಟಿದೆ, 150ಕ್ಕಿಂತ ಕೆಳಗಿದೆಯೇ? ಬೋರಲು ಮಲಗಿಸುವುದನ್ನು ಯೋಚಿಸಲಾಗಿದೆಯೇ, ಇಲ್ಲವಾದರೆ ಅವರಲ್ಲಿ ಅದಕ್ಕೆ ಅಡ್ಡಿಯಾದ ಕಾರಣವೇನು? ಈ ಆಸ್ಪತ್ರೆಯಲ್ಲಿ ಅದಕ್ಕೆ ಬೇಕಾದ ಸಿಬ್ಬಂದಿ ಇದ್ದಾರೆಯೇ? ಇಲ್ಲವಾದರೆ ಬೇರೆಡೆಗೆ ಸಾಗಿಸುವುದಕ್ಕೆ ಇದೇ ತಕ್ಕ ಸಮಯವೇ, ಇನ್ನೂ ಕಾದರೆ ದಾರಿಯಲ್ಲಿ ಅಪಾಯ ಹೆಚ್ಚುತ್ತದೆಯೇ? ಇವು ವೈದ್ಯರನ್ನು ಶಂಕಿಸುವ ಪ್ರಶ್ನೆಗಳಲ್ಲ. ಸಮಯ ಕಳೆದಷ್ಟೂ ಫಲ ಕಡಮೆಯಾಗುವ ಚಿಕಿತ್ಸೆಯಲ್ಲಿ ಬೇಗನೆ ಕೇಳಿದ ಪ್ರಶ್ನೆಯೂ ರೋಗಿಗೆ ನೆರವಾಗುತ್ತದೆ.

ಗಾಜಿನ ಆಚೆ ಬೋರಲಾಗಿರುವ ರೋಗಿಯನ್ನು ಕಂಡವರು ಇಷ್ಟನ್ನು ತಿಳಿದಿದ್ದರೆ ಸಾಕು: ಅವರನ್ನು ಯಾರೂ ಕೈಬಿಟ್ಟಿಲ್ಲ. ಐದಾರು ಮಂದಿ ಸೇರಿ ಜತನದಿಂದ ಅವರನ್ನು ಹೊರಳಿಸಿದ್ದಾರೆ. ಬೆನ್ನಿನ ಕಡೆ ಮುಚ್ಚಿದ್ದ ಗಾಳಿಗೂಡುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದಕ್ಕೆ ಅವಕಾಶ ಮಾಡಿಕೊಟ್ಟಿದ್ದಾರೆ.